ಜಪಾನೀ ಭಾಷೆಯ ‘ಸಂತೋಷ’ಗಳಲ್ಲಿ ಸರಿಯಾದುದನ್ನು ಆರಿಸಿಕೊಳ್ಳುವುದು ಹೇಗೆ?

ಜಪಾನೀ ಕಲಿಯಲು ಕುಳಿತ ಕನ್ನಡಿಗರ ಟಿಪ್ಪಣಿ ಪುಸ್ತಕಗಳನ್ನು ತೆರೆದು ನೋಡಿದಾಗಲೆಲ್ಲ ನನಗೆ ಕಾಣುವುದು ಒಂದೇ ದೃಶ್ಯ: ಉರೆಶೀ, ತನೊಶೀ, ಶಿಅವಸೆ ಎಂಬ ಮೂರು ಪದಗಳ ಎದುರಿಗೂ ‘ಸಂತೋಷ’ ಎಂದೇ ಬರೆದಿರುತ್ತದೆ. ಪದಕ್ಕೊಂದು ಅರ್ಥದಂತೆ ಪಟ್ಟಿ ಕೊಡುವ ಅಗ್ಗದ ಕೈಪಿಡಿಗಳೂ ಮೊಬೈಲ್ ಆ್ಯಪ್‌ಗಳೂ ಮಾಡುವ ಅನಾಹುತವಿದು. ಉದಾಹರಣೆ ವಾಕ್ಯಗಳಿಲ್ಲದ ಅಂಥ ಕೈಪಿಡಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಮೊದಲಿಗೆ, ಆ ಸಂತೋಷ ನಿಮಗೆ ಒದಗಿ ಬಂದುದೋ ಅಥವಾ ನೀವು ಏನನ್ನೋ ಮಾಡುತ್ತಿರುವಷ್ಟು ಹೊತ್ತು ಅನುಭವಿಸಿದುದೋ ಎಂಬುದನ್ನು ನಿರ್ಧರಿಸಿಕೊಳ್ಳಿ. ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಬಂದರೆ, ಹಳೆಯ ಗೆಳತಿ ಪತ್ರ ಬರೆದರೆ ಮನಸ್ಸಿನಲ್ಲಿ ಏಳುವುದು ಉರೆಶೀ. ಪ್ರವಾಸ, ಆಟ, ಹರಟೆ ಮುಂತಾದವುಗಳಲ್ಲಿ ತೊಡಗಿರುವಾಗ ಸಿಗುವುದು ತನೊಶೀ. ಸ್ನೇಹಿತರು ಔತಣಕ್ಕೆ ಕರೆದದ್ದು ಉರೆಶೀ, ಔತಣದಲ್ಲಿ ಕಳೆದ ಸಂಜೆ ತನೊಶೀ. ಆದ್ದರಿಂದ ಮರುದಿನ ಕೃತಜ್ಞತೆ ತಿಳಿಸುವಾಗ ‘ತನೊಶಿಕತ್ತ ದೆಸ್’ ಎನ್ನಬೇಕು. ನಮ್ಮ ಆನಂದಬಾಷ್ಪಕ್ಕೆ ಅಲ್ಲಿ ‘ಉರೆಶಿ-ನಮಿದ’ ಎನ್ನುತ್ತಾರೆ. ‘ಖುಷಿಯಾಯಿತು’ ಎನ್ನುವಲ್ಲಿ ಉರೆಶೀ, ‘ಮಜವಾಗಿತ್ತು’ ಎನ್ನುವಲ್ಲಿ ತನೊಶೀ ಎಂದು ಹಿಡಿದರೆ ಬಹುತೇಕ ದಾರಿ ತಪ್ಪುವುದಿಲ್ಲ.

ಬಾಳೇ ಒಂದು ನೆಮ್ಮದಿಯ ಸ್ಥಿತಿಯಲ್ಲಿದೆ ಎನ್ನಬೇಕಾದಾಗ ಮಾತ್ರ ಶಿಅವಸೆ. ನವದಂಪತಿಗೆ ‘ಒಶಿಅವಸೆ ನಿ’ ಎಂದು ಹಾರೈಸುವುದು ಸರಿ. ಪೆನ್ನೊಂದನ್ನು ಉಡುಗೊರೆ ಕೊಟ್ಟವರಿಗೆ ‘ಶಿಅವಸೆ ದೆಸ್’ ಎಂದರೆ, ಪೆನ್ನಿನಿಂದ ಜನ್ಮ ಸಾರ್ಥಕವಾಯಿತು ಎನ್ನುವಷ್ಟು ಭಾರವಾಗುತ್ತದೆ.

ಈಗ ಎಲ್ಲರೂ ಎಡವುವ ಹಂತಕ್ಕೆ ಬರೋಣ: ಸಂತೋಷ ಯಾರದು? ಕನ್ನಡದಲ್ಲಿ ‘ನನಗೆ ಸಂತೋಷವಾಗಿದೆ’, ‘ಅವರಿಗೆ ಸಂತೋಷವಾಗಿದೆ’ ಎರಡೂ ಒಂದೇ ಅಚ್ಚಿನ ವಾಕ್ಯಗಳು. ಈ ಅಭ್ಯಾಸದಿಂದ ನಮ್ಮವರು ನಿಸ್ಸಂಕೋಚವಾಗಿ ‘ಯಮಾದಾ-ಸಾನ್ ವ ಉರೆಶೀ ದೆಸ್’ ಎಂದುಬಿಡುತ್ತಾರೆ. ಕೇಳಿದ ಜಪಾನೀಯರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ, ಏಕೆಂದರೆ ಉರೆಶೀ ಎಂಬುದು ಒಳಗಿನಿಂದ ಅನುಭವಿಸಿದವರು ಮಾತ್ರ ಖಚಿತವಾಗಿ ಹೇಳಬಹುದಾದ ಭಾವ. ಯಮಾದಾ ಅವರ ಮನಸ್ಸಿನೊಳಗೆ ಹೊಕ್ಕು ನೋಡಿ ಬಂದವರಂತೆ ನಾವು ಮಾತನಾಡುವಂತಿಲ್ಲ. ಕಾದಂಬರಿಯ ನಿರೂಪಕನಿಗೆ ಈ ವಿಷಯದಲ್ಲಿ ವಿನಾಯಿತಿಯುಂಟು, ನಮಗಿಲ್ಲ. ಮುಖ ನೋಡಿ ಊಹಿಸಿದರೆ ‘ಉರೆಶಿಸೋ ದೆಸ್’, ಅಂದರೆ ಸಂತೋಷವಾದಂತೆ ಕಾಣುತ್ತದೆ ಎನ್ನಬೇಕು. ಅವರೇ ಹೇಳಿದ್ದರೆ ‘ಉರೆಶೀ ತೊ ಇತ್ತೆ ಇಮಸ್’ ಎಂದು ಅವರ ಬಾಯಿಗೇ ಬಿಡಬೇಕು. ನಡೆನುಡಿಯಲ್ಲಿ ಹರ್ಷ ಕಾಣುತ್ತಿದ್ದರೆ ಯೊರೊಕೊಬು ಎಂಬ ಕ್ರಿಯಾಪದದಿಂದ ‘ಯೊರೊಕೊಂದೆ ಇಮಸ್’ ಎನ್ನಬೇಕು. ‘ಉರೆಶಿಗತ್ತೆ ಇಮಸ್’ ಎಂಬ ರೂಪವನ್ನೂ ವ್ಯಾಕರಣ ಪುಸ್ತಕಗಳು ಕಲಿಸುತ್ತವೆಯಾದರೂ ಅದನ್ನು ಮಕ್ಕಳಿಗೂ ಆಪ್ತರಿಗೂ ಮೀಸಲಿಡಿ, ಮೇಲಧಿಕಾರಿಯ ಬಗ್ಗೆ ಬಳಸಲೇಬೇಡಿ. ನನ್ನನ್ನು ಕೇಳಿದರೆ, ಮೊದಲ ವರ್ಷ ಇತರರ ವಿಷಯಕ್ಕೆ ‘ಯೊರೊಕೊಂದೆ ಇಮಸ್’ ಒಂದನ್ನೇ ಗಟ್ಟಿಮಾಡಿಕೊಳ್ಳುವುದು ಉತ್ತಮ.

ಅದನ್ನೇ ತಿರುಗಿಸಿ ನಿಮ್ಮ ಬಗ್ಗೆ ಹೇಳಿಕೊಂಡರೆ, ನಿಮ್ಮನ್ನು ನೀವೇ ದೂರ ನಿಂತು ನೋಡಿದಂತಾಗುತ್ತದೆ. ಆಹ್ವಾನ ಒಪ್ಪಿಕೊಳ್ಳುವಾಗ ‘ಯೊರೊಕೊಂದೆ’ ಎನ್ನುವುದು ಬೇರೆ ಮಾತು. ಅಲ್ಲಿ ಅದರ ಅರ್ಥ ‘ಸಂತೋಷದಿಂದ’ ಎಂದಷ್ಟೆ. ಇನ್ನೊಂದು ಕನ್ನಡದ ಜಾಡು ‘ನನಗೆ’ ಎಂಬ ಚತುರ್ಥಿ: ‘ಗೆ’ ಪ್ರತ್ಯಯದ ಬದಲು ‘ನಿ’ ಹಚ್ಚಿ ‘ವತಶಿ ನಿ ಉರೆಶೀ’ ಎನ್ನಬಾರದು, ‘ವತಶಿ ವ’ ಎನ್ನಬೇಕು, ‘ನಾನು’ ಎಂಬುದನ್ನು ಬಿಟ್ಟೇಬಿಟ್ಟರೆ ಇನ್ನೂ ಸಹಜ.

ಸುಖ, ಸಂತೋಷ ಎಂಬರ್ಥದ ಇನ್ನೊಂದು ಪದ ಕೋಫುಕು; ಇದು ಬರಹದ, ಗಾಂಭೀರ್ಯದ ಪದ. 1947ರಲ್ಲಿ ಜಾರಿಗೆ ಬಂದ ಜಪಾನಿನ ಸಂವಿಧಾನದ 13ನೆಯ ವಿಧಿ ಪ್ರಜೆಗಳಿಗೆ ಕೊಡುವ ಸುಖಾನ್ವೇಷಣೆಯ ಹಕ್ಕಿನಲ್ಲಿ ಇರುವುದು ಈ ಪದವೇ. ಹೊಕ್ಕೈದೋ ದ್ವೀಪದ ಒಬಿಹಿರೊ ಬಳಿ ಕೋಫುಕು ಹೆಸರಿನ ರೈಲು ನಿಲ್ದಾಣವೂ ಇತ್ತು; 1987ರಲ್ಲಿ ಆ ಮಾರ್ಗ ಮುಚ್ಚಿದರೂ ನಿಲ್ದಾಣವನ್ನು ನೋಡಲು ಜನ ಇಂದಿಗೂ ಹೋಗುತ್ತಾರೆ. ಆದರೆ ಮಾತಿನಲ್ಲಿ ಇದನ್ನು ದೂರವಿಡಿ: ಶರಣಾಗತಿ ಎಂಬ ಅರ್ಥದ ಇನ್ನೊಂದು ಪದದ ಉಚ್ಚಾರಣೆಯೂ ಕೋಫುಕು ಎಂದೇ.

ಬರೆಯುವಾಗ ಉರೆಶೀಯನ್ನು ಹಿರಗಾನ ಎಂಬ ಉಚ್ಚಾರಣಾ ಲಿಪಿಯಲ್ಲೇ ಬರೆಯಿರಿ. ಅದರ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರವು ಸರ್ಕಾರ ನಿಗದಿಪಡಿಸಿದ 2136 ನಿತ್ಯಬಳಕೆಯ ಅಕ್ಷರಗಳ ಪಟ್ಟಿಯಲ್ಲಿ ಸೇರಿಲ್ಲ. ಶಿಅವಸೆಯ ಕಾಂಜಿ ಬರೆಯುವಾಗಲಂತೂ ಗೆರೆಗಳನ್ನು ಎಣಿಸಿ: ಎಂಟು ಇರಬೇಕು. ನೆತ್ತಿಯ ಒಂದು ಗೆರೆ ತಪ್ಪಿ ಏಳಾದರೆ ಅದು ‘ಖಾರ’ ಎಂದೂ ‘ಸಂಕಟ’ ಎಂದೂ ಓದುವ ಬೇರೆ ಅಕ್ಷರವಾಗುತ್ತದೆ, ಮದುವೆಯ ಶುಭಾಶಯ ಪತ್ರದಲ್ಲಿ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.