ಲಸಿಕೆ ಎಲ್ಲಿದೆ, ಎಷ್ಟಿದೆ? ಇಡೀ ದೇಶದ ಲೆಕ್ಕ ಇಡುವುದು ಹೀಗೆ

ಗುರುವಾರ ಬೆಳಿಗ್ಗೆ. ನಮ್ಮ ಹಳ್ಳಿಗಳಲ್ಲಿ ಅದು ಚುಚ್ಚುಮದ್ದಿನ ದಿನ. ಒಂಬತ್ತು ತಿಂಗಳ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾಯಿ ಬಂದಿದ್ದಾಳೆ. ಅವತ್ತಿನ ಕೂಲಿ ಬಿಟ್ಟು ಬಂದಿದ್ದಾಳೆ. ‘ದಡಾರದ್ದು ಖಾಲಿಯಾಗಿದೆ ಕಣಮ್ಮ, ಮುಂದಿನ ವಾರ ಬಾ’ ಅಂತ ಸಿಸ್ಟರ್ ಹೇಳುತ್ತಾರೆ. ಮುಂದಿನ ವಾರ ಅವಳು ಬಂದರೂ ಬಂದಳು, ಇಲ್ಲದಿದ್ದರೆ ಇಲ್ಲ. ಅದೇ ಹೊತ್ತಿಗೆ ಹದಿನೈದು ಕಿಲೋಮೀಟರ್ ಆಚೆಯ ಇನ್ನೊಂದು ಆರೋಗ್ಯ ಕೇಂದ್ರದಲ್ಲಿ ಅದೇ ಲಸಿಕೆ ಬೇಕಾದ್ದಕ್ಕಿಂತ ಜಾಸ್ತಿ ಇರಬಹುದು. ಅದರ ಅವಧಿ ಮುಗಿಯಲು ಒಂದೇ ತಿಂಗಳು ಉಳಿದಿರಬಹುದು.

ದೇಶದಲ್ಲಿ ಲಸಿಕೆ ಇದೆ, ಆದರೆ ಯಾವ ಊರಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲ. ಈ ಕಷ್ಟಕ್ಕೆ ಭಾರತ ಕಂಡುಕೊಂಡ ದಾರಿಯ ಹೆಸರು ಇವಿನ್. ಪೂರ್ತಿ ಹೆಸರು ಎಲೆಕ್ಟ್ರಾನಿಕ್ ವ್ಯಾಕ್ಸಿನ್ ಇಂಟೆಲಿಜೆನ್ಸ್ ನೆಟ್‌ವರ್ಕ್. ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) ಸೇರಿ ನಡೆಸಿದ ಯೋಜನೆ ಇದು. ಇದರ ಮೊದಲ ಸಾಫ್ಟ್‌ವೇರ್ ತಯಾರಾದದ್ದು ನಮ್ಮ ಬೆಂಗಳೂರಿನ ಲಾಜಿಸ್ಟಿಮೊ ಕಂಪನಿಯಲ್ಲಿ. ಇಂಥದ್ದೊಂದು ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವ ಕೆಲಸ ನಿಮಗೇ ಒಪ್ಪಿಸಿದರು ಅಂದುಕೊಳ್ಳಿ. ಎಲ್ಲಿಂದ ಶುರು ಮಾಡಬೇಕು?

ಮೊದಲು ಲಸಿಕೆಯ ದಾರಿ ಬರೆದುಕೊಳ್ಳಿ

ಕಂಪ್ಯೂಟರ್ ಮುಟ್ಟಬೇಡಿ. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಭಾರತದಲ್ಲಿ ಮೇಲ್ಗಡೆ ಕೇಂದ್ರದ ನಾಲ್ಕು ದಾಸ್ತಾನು ಕೇಂದ್ರಗಳಿವೆ: ಕರ್ನಾಲ್, ಮುಂಬೈ, ಕೋಲ್ಕತ್ತ, ಚೆನ್ನೈ. ಅಲ್ಲಿಂದ ಕೆಳಗೆ ರಾಜ್ಯದ ಸ್ಟೋರ್, ವಿಭಾಗದ ಸ್ಟೋರ್, ಜಿಲ್ಲಾ ಸ್ಟೋರ್. ಅದರ ಕೆಳಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಐಎಲ್‌ಆರ್, ಅಂದರೆ ಮೇಲಿನಿಂದ ಮುಚ್ಚಳ ತೆರೆಯುವ ಆ ಬಿಳಿ ಫ್ರಿಜ್. ಕೊನೆಗೆ ವ್ಯಾಕ್ಸಿನ್ ಕ್ಯಾರಿಯರ್ ಅನ್ನುವ ತಂಪು ಪೆಟ್ಟಿಗೆಯಲ್ಲಿ ಅಂಗನವಾಡಿವರೆಗೆ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಕರ್ನಾಟಕಕ್ಕೆ ಬಂದಾಗ ಮೊದಲು ಇಳಿದದ್ದು ಬೆಂಗಳೂರು ಮತ್ತು ಬೆಳಗಾವಿಯ ಸ್ಟೋರ್‌ಗಳಲ್ಲಿ. ಅಲ್ಲಿಂದ ಬೇರೆ ಜಿಲ್ಲೆಗಳಿಗೆ ಹೋಯಿತು.

ಈ ದಾರಿಯಲ್ಲಿ ಪೆಟ್ಟಿಗೆ ಎಲ್ಲೆಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೋ ಅಲ್ಲೆಲ್ಲ ಒಂದು ಗುರುತು ಹಾಕಿ. ನಿಮ್ಮ ವ್ಯವಸ್ಥೆ ಎಣಿಸಬೇಕಾದದ್ದು ಆ ಜಾಗಗಳಲ್ಲಿ. ಕೊಟ್ಟವರು ಎಷ್ಟು ಕೊಟ್ಟೆ ಅಂತ ಬರೆಯಬೇಕು, ಪಡೆದವರು ಎಷ್ಟು ಬಂತು ಅಂತ ಬರೆಯಬೇಕು. ಎರಡೂ ತಾಳೆಯಾಗದಿದ್ದರೆ ಅವತ್ತೇ ಗೊತ್ತಾಗಬೇಕು.

ರಿಜಿಸ್ಟರ್ ಸರಿ ಮಾಡದೆ ಆ್ಯಪ್ ಮಾಡಬೇಡಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದೇ ಅಂತ ನನ್ನ ನಂಬಿಕೆ. ರಾಜಧಾನಿಯಲ್ಲಿ ಕುಳಿತವರಿಗೆ ಇದು ಸಣ್ಣದಾಗಿ ಕಾಣುತ್ತದೆ.

ಒಂದು ಆರೋಗ್ಯ ಕೇಂದ್ರದ ಹಳೆಯ ಸ್ಟಾಕ್ ರಿಜಿಸ್ಟರ್ ನೋಡಿದ್ದೆ. ‘ಪೆಂಟಾ – 12’ ಅಂತ ಬರೆದಿತ್ತು. ಪೆಂಟಾ ಅಂದರೆ ಐದು ರೋಗಗಳಿಗೆ ಸೇರಿ ಕೊಡುವ ಒಂದೇ ಲಸಿಕೆ. ಹನ್ನೆರಡು ಏನು? ಬಾಟಲಿಯೋ ಡೋಸೋ? ಪೆಂಟಾದ ಒಂದು ವಯಲ್‌ನಲ್ಲಿ, ಅಂದರೆ ಸಣ್ಣ ಬಾಟಲಿಯಲ್ಲಿ, 10 ಡೋಸ್ ಇರುತ್ತದೆ. ಹಾಗಾಗಿ ಆ ಒಂದು ಸಾಲಿಗೆ 12 ಮಕ್ಕಳು ಅನ್ನುವ ಅರ್ಥವೂ ಇದೆ, 120 ಮಕ್ಕಳು ಅನ್ನುವ ಅರ್ಥವೂ ಇದೆ. ಬರೆದವರಿಗೆ ಅದು ಗೊತ್ತಿತ್ತು. ಅವರು ವರ್ಗವಾಗಿ ಹೋದಮೇಲೆ ಬಂದವರಿಗೆ ಗೊತ್ತಾಗಲಿಲ್ಲ. ಇಂಥ ಲೆಕ್ಕವನ್ನು ಹಾಗೇ ಕಂಪ್ಯೂಟರಿಗೆ ತುಂಬಿದರೆ ತಪ್ಪು ಸಾವಿರಾರು ಕಡೆಯಿಂದ ಒಟ್ಟಿಗೇ ದೆಹಲಿಗೆ ತಲುಪುತ್ತದೆ, ಅಷ್ಟೆ.

ಇವಿನ್ ಮಾಡಿದ ಒಳ್ಳೆಯ ಕೆಲಸ ಇಲ್ಲಿಂದಲೇ ಶುರುವಾಯಿತು. ಎಲ್ಲ ಕಡೆಗೂ ಒಂದೇ ನಮೂನೆಯ ರಿಜಿಸ್ಟರ್ ತಂದರು. ಕಾಗದದಲ್ಲಿ ಬರೆದದ್ದನ್ನೇ ಫೋನಿನಲ್ಲೂ ತುಂಬುವುದು ರೂಢಿಯಾಯಿತು. ನೀವೂ ಹಾಗೇ ಮಾಡಿ. ಎಣಿಕೆ ಯಾವಾಗಲೂ ಡೋಸ್ ಲೆಕ್ಕದಲ್ಲೇ ಇರಲಿ. ಪ್ರತಿ ಸಾಲಿಗೂ ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಇರಲಿ. ಯಾವುದರ ಅವಧಿ ಬೇಗ ಮುಗಿಯುತ್ತದೋ ಅದು ಮೊದಲು ಹೊರಗೆ ಹೋಗಲಿ. ಬಿಸಿಜಿ (ಕ್ಷಯದ ಲಸಿಕೆ), ದಡಾರ–ರುಬೆಲ್ಲಾ ಲಸಿಕೆಗಳು ಪುಡಿಯಾಗಿ ಬರುತ್ತವೆ. ಅವನ್ನು ಕಲಸುವ ದ್ರಾವಣ ಬೇರೆ ಬಾಟಲಿಯಲ್ಲಿರುತ್ತದೆ. ಅದಕ್ಕೂ ಒಂದು ಸಾಲು ಬೇಕು. ಲಸಿಕೆ ಇದ್ದು ದ್ರಾವಣ ಇಲ್ಲದಿದ್ದರೆ ಆ ದಿನ ಲಸಿಕೆ ಇಲ್ಲ ಅಂತಲೇ ಅರ್ಥ. ಸಿರಿಂಜ್‌ಗೂ ಇದೇ ಮಾತು.

ಇನ್ನೊಂದು ಕಾಲಂ ಬಗ್ಗೆ ಎಚ್ಚರ. ಹಾಳಾದದ್ದನ್ನು ಎರಡಾಗಿ ಬರೆಸಿ. ತೆರೆಯದೇ ಹಾಳಾದ ವಯಲ್‌ಗಳು ಒಂದು ಕಡೆ: ಅವಧಿ ಮುಗಿದದ್ದು, ಒಡೆದದ್ದು, ಬಿಸಿಗೆ ಕೆಟ್ಟದ್ದು. ಇವು ನಿರ್ವಹಣೆಯ ತಪ್ಪು, ಕಡಿಮೆ ಮಾಡಲೇಬೇಕು. ತೆರೆದಮೇಲೆ ಉಳಿದ ಡೋಸ್ ಇನ್ನೊಂದು ಕಡೆ. ದಡಾರದ ವಯಲ್ ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅವತ್ತು ಎರಡೇ ಮಕ್ಕಳು ಬಂದರೂ ವಯಲ್ ತೆರೆಯಲೇಬೇಕಲ್ವಾ? ಎರಡನ್ನೂ ಒಂದೇ ಕಾಲಂಗೆ ಹಾಕಿ ‘ನಿಮ್ಮಲ್ಲಿ ವೇಸ್ಟೇಜ್ ಜಾಸ್ತಿ’ ಅಂತ ನೋಟಿಸ್ ಕಳಿಸಿದರೆ, ಮುಂದಿನ ವಾರ ಆ ಸಿಸ್ಟರ್ ಒಂದು ಮಗುವಿಗಾಗಿ ವಯಲ್ ತೆರೆಯಲು ಹಿಂಜರಿಯುತ್ತಾರೆ. ಹಾಗೆ ಒಂದು ಮಗುವೂ ವಾಪಸ್ ಹೋಗಬಾರದು.

ಎಷ್ಟಿರಬೇಕು ಅನ್ನುವುದನ್ನು ಊರೂರಿಗೆ ಲೆಕ್ಕ ಹಾಕಿ

ಬಯಲು ಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ತಿಂಗಳಿಗೆ 40 ಮಕ್ಕಳು ಹುಟ್ಟುತ್ತವೆ ಅಂತ ಇಟ್ಟುಕೊಳ್ಳಿ. ಪೆಂಟಾ ಪ್ರತಿ ಮಗುವಿಗೆ 6, 10 ಮತ್ತು 14ನೇ ವಾರದಲ್ಲಿ, ಒಟ್ಟು ಮೂರು ಡೋಸ್. ಅಲ್ಲಿಗೆ 120 ಡೋಸ್. ನೂರರಲ್ಲಿ ಹತ್ತು ಹಾಳಾಗುತ್ತದೆ ಅಂತ ಹಿಡಿದರೆ 1.11ರಿಂದ (100 ÷ 90) ಗುಣಿಸಬೇಕು: 133. ಇದರ ಕಾಲು ಭಾಗವನ್ನು ಆಪತ್ತಿಗೆ ಅಂತ ಸೇರಿಸಿ: 166. ಅಂದರೆ ತಿಂಗಳ ಶುರುವಿನಲ್ಲಿ 17 ವಯಲ್ ಇದ್ದರೆ ಸಾಕು. ಜಿಲ್ಲೆಯಿಂದ ಬರಲು ಎರಡು ವಾರ ಹಿಡಿಯುವುದಾದರೆ, ಆ ಎರಡು ವಾರದ 67 ಡೋಸ್, ಆಪತ್ತಿನ 33 ಡೋಸ್ ಸೇರಿ ಫ್ರಿಜ್‌ನಲ್ಲಿ 10 ವಯಲ್ ಉಳಿದಾಗಲೇ ಇಂಡೆಂಟ್ (ಬೇಡಿಕೆ ಪತ್ರ) ಹೋಗಬೇಕು. ಈ ಎರಡು ಸಂಖ್ಯೆ ಸಾಫ್ಟ್‌ವೇರ್‌ಗೆ ಗೊತ್ತಿದ್ದರೆ ಅದು ಕೆಂಪು ಗುರುತು ತೋರಿಸುತ್ತದೆ. ಸುಮ್ನೆ ‘ಎಲ್ಲರಿಗೂ 20’ ಅಂತ ಹಂಚಿದರೆ ಒಂದು ಕಡೆ ಕೊಳೆಯುತ್ತದೆ, ಇನ್ನೊಂದು ಕಡೆ ಸಾಲುವುದಿಲ್ಲ.

ಆ 40 ಅನ್ನುವ ಸಂಖ್ಯೆಯನ್ನು ಜನಗಣತಿಯಿಂದ ಭಾಗಿಸಿ ತೆಗೆಯಬೇಡಿ. ನಮ್ಮಲ್ಲಿ ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಬಾಣಂತನ ಮುಗಿಯುವ ಹೊತ್ತಿಗೆ ಮಗುವಿನ ಮೊದಲ ಲಸಿಕೆಗಳೆಲ್ಲ ತವರಿನ ಊರಲ್ಲೇ ಆಗಿರುತ್ತವೆ. ಕಬ್ಬು ಕಡಿಯುವ ಕಾಲಕ್ಕೆ ಗ್ಯಾಂಗ್‌ಗಳು ಮಕ್ಕಳನ್ನು ಕಟ್ಟಿಕೊಂಡು ಊರು ಬಿಡುತ್ತವೆ, ಇಟ್ಟಿಗೆ ಗೂಡಿನವರೂ ಅಷ್ಟೆ. ಯಾವ ಮನೆಯಲ್ಲಿ ಯಾರ ಮಗು ಇದೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತು. ಅವರ ಮನೆಮನೆ ಪಟ್ಟಿಯೇ ನಿಮ್ಮ ಲೆಕ್ಕಕ್ಕೆ ಆಧಾರವಾಗಲಿ.

ಫ್ರಿಜ್ ತಾನೇ ಮಾತಾಡಲಿ

ಹೆಚ್ಚಿನ ಲಸಿಕೆಗಳಿಗೆ 2ರಿಂದ 8 ಡಿಗ್ರಿ ತಂಪು ಬೇಕು. ದಿನಕ್ಕೆ ಎರಡು ಸಲ ಥರ್ಮಾಮೀಟರ್ ನೋಡಿ ಬರೆಯಬೇಕು ಅನ್ನುವುದು ಹಳೆಯ ನಿಯಮ. ಒಂದು ಕಡೆಯ ತಾಪಮಾನದ ಪುಸ್ತಕದಲ್ಲಿ ಇಡೀ ತಿಂಗಳು ‘4’ ಅಂತಲೇ ಇದ್ದದ್ದನ್ನು ಕಂಡಿದ್ದೇನೆ. ಭಾನುವಾರವೂ 4, ಹಬ್ಬದ ದಿನವೂ 4, ಒಂದೇ ಪೆನ್ನಿನ ಶಾಯಿ. ಬರೆದವರನ್ನು ದೂರಬೇಡಿ. ಒಬ್ಬರೇ ಫಾರ್ಮಸಿಸ್ಟ್, ಹೊರಗೆ ರೋಗಿಗಳ ಸಾಲು, ರಾತ್ರಿ ಕರೆಂಟ್ ಹೋದರೆ ನೋಡುವವರು ಯಾರು?

ಇವಿನ್‌ನಲ್ಲಿ ಪ್ರತಿ ಫ್ರಿಜ್‌ಗೂ ಸಿಮ್ ಇರುವ ಒಂದು ಸಣ್ಣ ಪೆಟ್ಟಿಗೆ ಇಟ್ಟರು. ಅದು ಹತ್ತು ನಿಮಿಷಕ್ಕೊಮ್ಮೆ ತಾಪಮಾನ ಗುರುತಿಸಿಕೊಂಡು ಗಂಟೆಗೊಮ್ಮೆ ಸರ್ವರ್‌ಗೆ ಕಳಿಸುತ್ತದೆ. ಮಿತಿ ದಾಟಿದರೆ ಅಲಾರಂ ಹೊಡೆಯುತ್ತದೆ, ಜವಾಬ್ದಾರಿ ಇರುವವರ ಫೋನಿಗೆ ಮೆಸೇಜ್ ಬರುತ್ತದೆ.

ಬಿಸಿಯಾಗುವುದಷ್ಟೇ ಅಪಾಯ ಅಂದುಕೊಳ್ಳಬೇಡಿ. ಪೆಂಟಾ, ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು–ಗಂಟಲಮಾರಿ) ಲಸಿಕೆಗಳು ಹೆಪ್ಪುಗಟ್ಟಿದರೆ ಕೆಡುತ್ತವೆ. ವಯಲ್ ಮೇಲೆ ದುಂಡಗಿನ ಗುರುತಿನೊಳಗೆ ಒಂದು ಚೌಕ ಇರುತ್ತದಲ್ವಾ, ಆ ಚೌಕ ಸುತ್ತಲಿನ ಬಣ್ಣಕ್ಕೆ ತಿರುಗಿದರೆ ಬಿಸಾಡಬೇಕು. ಆದರೆ ಅದು ಬಿಸಿಯನ್ನು ಮಾತ್ರ ಹೇಳುತ್ತದೆ. ಹೆಪ್ಪುಗಟ್ಟಿ ಕರಗಿದ ವಯಲ್‌ನಲ್ಲಿ ಆ ಗುರುತು ಮೊದಲಿನಂತೆಯೇ ಇರುತ್ತದೆ. ಹಾಗಾಗಿ 2 ಡಿಗ್ರಿಗಿಂತ ಕೆಳಗೆ ಹೋದಾಗಲೂ ಅಲಾರಂ ಹೊಡೆಯಲೇಬೇಕು. ಕ್ಯಾರಿಯರ್‌ಗೆ ಹಾಕುವ ಐಸ್ ಪ್ಯಾಕನ್ನು ಸಿಸ್ಟರ್ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದೂ ಇದಕ್ಕೇ. ಒಳಗೆ ನೀರು ಕುಲುಕುವ ಸದ್ದು ಬಂದಮೇಲೆ ಅದನ್ನು ಒಳಗೆ ಇಡುತ್ತಾರೆ. ಆ ಸದ್ದು ಕೇಳುವ ಕೆಲಸಕ್ಕೆ ಯಾವ ಯಂತ್ರವೂ ಬಂದಿಲ್ಲ. ತರಬೇತಿಯಲ್ಲಿ ಅದಕ್ಕೂ ಸಮಯ ಕೊಡಿ.

ಎರಡು ಜಿಲ್ಲೆಯಿಂದ ದೇಶಕ್ಕೆ

ಒಂದೇ ದಿನ ಇಡೀ ದೇಶಕ್ಕೆ ಹಚ್ಚಬೇಡಿ. ಇವಿನ್ ಪ್ರಯೋಗ ನಡೆದದ್ದು ಉತ್ತರ ಪ್ರದೇಶದ ಎರಡು ಜಿಲ್ಲೆಗಳಲ್ಲಿ. 2015ರಲ್ಲಿ 12 ರಾಜ್ಯಗಳಿಗೆ ಹೋಯಿತು. 2020ರ ಆಗಸ್ಟ್ ಹೊತ್ತಿಗೆ 22 ರಾಜ್ಯ ಮತ್ತು 2 ಕೇಂದ್ರಾಡಳಿತ ಪ್ರದೇಶಗಳ 585 ಜಿಲ್ಲೆಗಳಲ್ಲಿ 23,500ಕ್ಕೂ ಜಾಸ್ತಿ ಕೇಂದ್ರಗಳು ಇದನ್ನು ಬಳಸುತ್ತಿದ್ದವು. 41,000ಕ್ಕೂ ಜಾಸ್ತಿ ಜನಕ್ಕೆ ತರಬೇತಿ ಸಿಕ್ಕಿತ್ತು. ಲಸಿಕೆ ಖಾಲಿಯಾಗುವ ಪ್ರಸಂಗ ಶೇ 80ರಷ್ಟು ಕಡಿಮೆಯಾಗಿದೆ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಆಗ ಹೇಳಿತು. ಮುಂದೆ ಕೋವಿನ್ ಕಟ್ಟಿದ್ದು ಇದೇ ಬುನಾದಿಯ ಮೇಲೆ. ಇಂಡೋನೇಷ್ಯಾ ಇದೇ ಮಾದರಿಯಲ್ಲಿ ಸ್ಮೈಲ್ ಅನ್ನುವ ವ್ಯವಸ್ಥೆ ಮಾಡಿಕೊಂಡಿತು.

ಆ್ಯಪ್ ಬಗ್ಗೆ ಎರಡೇ ಮಾತು. ನೆಟ್‌ವರ್ಕ್ ಇಲ್ಲದಿದ್ದರೂ ತುಂಬಲು ಬರಬೇಕು, ಸಿಗ್ನಲ್ ಸಿಕ್ಕಾಗ ತಾನೇ ಹೋಗಬೇಕು. ಮಲೆನಾಡಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮತ್ತೆ, ತುಂಬುವ ಭಾಷೆ ಆ ಊರಿನದ್ದೇ ಆಗಿರಬೇಕು.

ಔಷಧ, ಸಿರಿಂಜ್, ಕೈಗವಸು

ಲಸಿಕೆಯ ಲೆಕ್ಕ ಗಟ್ಟಿಯಾದಮೇಲೆ ಉಳಿದ ಸಾಮಗ್ರಿ ಸೇರಿಸಿ. 2020ರ ಏಪ್ರಿಲ್‌ನಿಂದ ಎಂಟು ರಾಜ್ಯಗಳು ಕೋವಿಡ್ ಸಾಮಗ್ರಿಯ ಲೆಕ್ಕಕ್ಕೆ ಇವಿನ್ ಅನ್ನೇ ಬಳಸಿದವು. ಆದರೆ ಔಷಧದ ಸ್ವಭಾವ ಬೇರೆ. ಲಸಿಕೆ ಹತ್ತು ಹನ್ನೆರಡು ಬಗೆ, ಔಷಧ ನೂರಾರು ಬಗೆ. ಇದಕ್ಕೆ ತಮಿಳುನಾಡು ಒಳ್ಳೆಯ ಪಾಠ. 1994ರಲ್ಲಿ ಅಲ್ಲಿ ವೈದ್ಯಕೀಯ ಸೇವಾ ನಿಗಮ ಶುರುವಾಯಿತು. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ಅದರಲ್ಲಿ ಇಷ್ಟು ಹಣ ಅಂತ ಬರೆದಿರುತ್ತದೆ. ಜಿಲ್ಲೆಯ ಉಗ್ರಾಣದಿಂದ ತಮಗೆ ಬೇಕಾದ ಔಷಧ ತೆಗೆದುಕೊಂಡಂತೆ ಅಷ್ಟು ಹಣ ಕಳೆಯುತ್ತದೆ. ಮೇಲಿನವರು ಕಳಿಸಿದ್ದನ್ನು ಇಳಿಸಿಕೊಳ್ಳುವ ಬದಲು, ಬೇಕಾದ್ದನ್ನು ಕೇಳಿ ಪಡೆಯುವ ಕ್ರಮ ಇದು. ಕಂಪ್ಯೂಟರ್ ಬಂದಮೇಲೂ ಈ ಕ್ರಮವನ್ನು ಬಿಡಬೇಡಿ. ಒಂದೇ ಔಷಧಕ್ಕೆ ದೇಶದಲ್ಲೆಲ್ಲ ಒಂದೇ ಹೆಸರು, ಒಂದೇ ಕೋಡ್ ಇರಲಿ. ಒಂದು ಕಡೆ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ, ಇನ್ನೊಂದು ಕಡೆ ಸ್ಟ್ರಿಪ್‌ನಲ್ಲಿ ಎಣಿಸಿದರೆ ‘ಪೆಂಟಾ – 12’ರ ಕಥೆ ಮತ್ತೆ ಶುರು.

ಕೆಂಪು ಗುರುತು ಬಂದಮೇಲೆ ಯಾರು ಏನು ಮಾಡಬೇಕು?

ಯೋಜನೆ ಬರೆಯುವವರು ಈ ಪುಟವನ್ನು ಕೊನೆಗೆ ಅಂತ ಬಿಟ್ಟು, ಆಮೇಲೆ ಮರೆಯುತ್ತಾರೆ. ಮೊದಲ ಪ್ರಸಂಗಕ್ಕೆ ವಾಪಸ್ ಬನ್ನಿ. ಇಲ್ಲಿ ದಡಾರದ ಲಸಿಕೆ ಖಾಲಿ, ಹದಿನೈದು ಕಿಲೋಮೀಟರ್ ಆಚೆ ಜಾಸ್ತಿ ಇದೆ. ಈಗ ಇಬ್ಬರಿಗೂ ಅದು ಫೋನಿನಲ್ಲೇ ಕಾಣುತ್ತದೆ. ಆದರೂ ಆ ಪೆಟ್ಟಿಗೆ ಈ ಕಡೆ ಬರುವುದು ಯಾರ ಸಹಿಯ ಮೇಲೆ? ಗಾಡಿ ಯಾರದ್ದು? ಪೆಟ್ರೋಲ್ ಯಾವ ಲೆಕ್ಕದಿಂದ? ರಾತ್ರಿ ಎರಡು ಗಂಟೆಗೆ ಫ್ರಿಜ್‌ನ ಅಲಾರಂ ಬಂದರೆ ಆರೋಗ್ಯ ಕೇಂದ್ರದ ಬೀಗದ ಕೈ ಯಾರ ಹತ್ತಿರ? ಮೂರು ವರ್ಷದ ನಂತರ ಆ ಸಾವಿರಾರು ಸಿಮ್‌ಗಳಿಗೆ ರೀಚಾರ್ಜ್ ಮಾಡಿಸುವವರು ಯಾರು?

ಇದಕ್ಕೆಲ್ಲ ಉತ್ತರ ಸಾಫ್ಟ್‌ವೇರ್ ಕಂಪನಿಯ ಹತ್ತಿರ ಇಲ್ಲ. ಸರ್ಕಾರಿ ಆದೇಶದಲ್ಲಿ ಇರಬೇಕು. ಟೆಂಡರ್ ಕರೆಯುವ ಮುಂಚೆಯೇ ಆ ಒಂದು ಪುಟ ಬರೆಸಿಕೊಳ್ಳಿ. ಒಂದೇ ತಾಲೂಕಿನ ಎರಡು ಕೇಂದ್ರಗಳ ನಡುವೆ ಇಷ್ಟು ವಯಲ್‌ವರೆಗೆ ಜಿಲ್ಲೆಯ ಅಪ್ಪಣೆಗೆ ಕಾಯದೆ ತಾಲೂಕು ಆರೋಗ್ಯಾಧಿಕಾರಿಯೇ ಸಾಗಿಸಬಹುದು ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ಗಾಡಿ ಬಾಡಿಗೆಗೆ ತಾಲೂಕಿನ ಮಟ್ಟದಲ್ಲೇ ಹಣ ಇರಲಿ. ಹೊರಡುವ ಮುಂಚೆ ವಯಲ್ ಮೇಲಿನ ಚೌಕ ನೋಡಬೇಕು, ಬ್ಯಾಚ್ ನಂಬರ್ ಎರಡೂ ಕಡೆಯ ರಿಜಿಸ್ಟರ್‌ನಲ್ಲಿ ಬರೆಯಬೇಕು ಅನ್ನುವುದೂ ಇರಲಿ. ಬುಧವಾರ ಸಂಜೆ ಪೆಟ್ಟಿಗೆ ಹೊರಟರೆ ಗುರುವಾರ ಬೆಳಿಗ್ಗೆ ಆ ತಾಯಿ ಬರುವ ಹೊತ್ತಿಗೆ ಲಸಿಕೆ ಅಲ್ಲಿರುತ್ತದೆ.