ಪ್ರೋಟಾನ್ ಸಿಟಿ ಜಿಪಿಯುನಲ್ಲಿ: ದಾರಿಯನ್ನು ಕೂಡಿಡಬೇಡಿ

ಕ್ಯಾನ್ಸರ್ ಗೆಡ್ಡೆಗೆ ಚಿಕಿತ್ಸೆಯಾಗಿ ಬಿಡುವ ಪ್ರೋಟಾನ್ ದೇಹದೊಳಗೆ ಎಲ್ಲಿ ನಿಲ್ಲುತ್ತದೆಂದು ಎಕ್ಸ್‌ರೇ ಸಿಟಿ ನೋಡಿ ಲೆಕ್ಕ ಹಾಕಿದರೆ ಶೇ. 3ರ ಆಸುಪಾಸು ಹೆಚ್ಚುಕಡಿಮೆ ಆಗಬಹುದು. 15 ಸೆಂ.ಮೀ. ಆಳದ ಗೆಡ್ಡೆಗೆ ಅದು 4-5 ಮಿ.ಮೀ.; ಪಕ್ಕದಲ್ಲೇ ಬೆನ್ನುಹುರಿ ಇದ್ದರೆ ಸಣ್ಣ ಅಂತರವಲ್ಲ. ಪ್ರೋಟಾನ್‌ನಿಂದಲೇ ಸಿಟಿ ತೆಗೆಯುವ ಯತ್ನ ಅದಕ್ಕೇ. ಮಣಿಪಾಲದಲ್ಲಿ 12 ಜಿಬಿ ಮೆಮೊರಿಯ ಗೇಮಿಂಗ್ ಕಾರ್ಡ್ (ಜಿಪಿಯು) ಒಂದರಲ್ಲಿ, ಕಣಗಳ ಓಟವನ್ನು ಅನುಕರಿಸುವ ಜಿಯಾಂಟ್4 ಸಾಫ್ಟ್‌ವೇರ್‌ನ ಸಿಮ್ಯುಲೇಶನ್ ಡೇಟಾ ಬಳಸಿ ನಾನು ಮಾಡಿದ ಕ್ರಮ ಇದು.

ಪ್ರೋಟಾನ್‌ಗಳು 10 ಕೋಟಿ. ಒಳಹೊಕ್ಕ ಮತ್ತು ಹೊರಬಂದ ಜಾಗ, ದಿಕ್ಕು, ಶಕ್ತಿನಷ್ಟ, ಚಿತ್ರ ತೆಗೆದ ಕೋನ ಸೇರಿ ಒಂದಕ್ಕೆ 10 ಸಂಖ್ಯೆ, 40 ಬೈಟ್. ಒಟ್ಟು 4 ಜಿಬಿ, ಕಾರ್ಡಿನಲ್ಲಿ ಹಿಡಿಯುತ್ತದೆ. ಆದರೆ ಪ್ರತಿಯೊಂದೂ ಹಾದುಹೋದ ಸುಮಾರು 200 ವಾಕ್ಸೆಲ್‌ಗಳ (ಚಿತ್ರದ ಪುಟ್ಟ ಘನ ತುಣುಕುಗಳ) ಪಟ್ಟಿ ಬರೆದಿಟ್ಟರೆ 80 ಜಿಬಿ! ದಾರಿಯುದ್ದಕ್ಕೂ ವಾಕ್ಸೆಲ್‌ಗಳ ಬೆಲೆ ತಿದ್ದುತ್ತ, ಸುತ್ತು ಸುತ್ತಾಗಿ ಚಿತ್ರ ಕಟ್ಟುವ ಕೆಲಸವಿದು. ಹಾಗಾಗಿ ದಾರಿಯನ್ನು ಪ್ರತಿ ಸುತ್ತಿನಲ್ಲೂ ಹೊಸದಾಗಿ ಲೆಕ್ಕ ಹಾಕಿ. ಜಿಪಿಯುಗೆ ಗುಣಾಕಾರ ಅಗ್ಗ, ಮೆಮೊರಿಯಿಂದ ತರುವುದೇ ದುಬಾರಿ. ಪ್ರೋಟಾನ್ ನೇರ ಹೋಗುವುದಿಲ್ಲ, ಚದುರಿ ಬಾಗುತ್ತದೆ. ಎರಡು ತುದಿಗಳನ್ನು ಜೋಡಿಸುವ ನಯವಾದ ವಕ್ರರೇಖೆ, ಅಂದರೆ ಕ್ಯೂಬಿಕ್ ಸ್ಪ್ಲೈನ್ ಸಾಕು, ಅರ್ಧ ಮಿ.ಮೀ.ಗೊಂದು ಹೆಜ್ಜೆ.

ಅದಕ್ಕೂ ಮುಂಚೆ ಜರಡಿ ಹಿಡಿಯಲೇಬೇಕು. ಬಾಗಿದ ಕೋನ ಅಥವಾ ಶಕ್ತಿನಷ್ಟ ಸರಾಸರಿಯಿಂದ 3 ಸಿಗ್ಮಾ (ಸಾಮಾನ್ಯ ಹರವಿನ ಮೂರು ಪಟ್ಟು) ದಾಟಿದವನ್ನು ಬಿಸಾಡಿ. ನ್ಯೂಕ್ಲಿಯಸ್‌ಗೆ ಬಡಿದು ಬಂದವು ಚಿತ್ರವನ್ನು ಕೆಡಿಸುತ್ತವೆ.

ಒಂದು ಥ್ರೆಡ್‌ಗೆ (ಜಿಪಿಯು ಒಟ್ಟೊಟ್ಟಿಗೆ ಓಡಿಸುವ ಲೆಕ್ಕದ ಎಳೆಗಳಲ್ಲಿ ಒಂದು) ಒಂದು ಪ್ರೋಟಾನ್. 32 ಥ್ರೆಡ್‌ಗಳು ಒಟ್ಟಿಗೇ ನಡೆಯುವುದರಿಂದ ಉದ್ದದ ದಾರಿಯದ್ದು ಮುಗಿಯುವ ತನಕ ಉಳಿದವು ಕಾಯುತ್ತವೆ. ಹೊಕ್ಕ ಜಾಗದ ಪ್ರಕಾರ ವಿಂಗಡಿಸಿದರೆ ಕ್ಯಾಶ್ (ಕೈಗೆ ಹತ್ತಿರದ ವೇಗದ ಮೆಮೊರಿ) ಚೆನ್ನಾಗಿ ಸಿಗುತ್ತದೆ, ಆದರೆ ಎಲ್ಲವೂ ಒಂದೇ ವಾಕ್ಸೆಲ್‌ಗೆ ಬರೆಯಲು ನುಗ್ಗುತ್ತವೆ. ಹಾಗಾಗಿ ಪ್ರೋಟಾನ್‌ಗಳನ್ನು ಕಂತುಗಳಾಗಿ ಒಡೆದು, ಪ್ರತಿ ಕಂತಿನಲ್ಲೂ ಎಲ್ಲ ಕೋನಗಳೂ ಬೆರೆತಿರಲಿ, ಕಂತಿನೊಳಗೆ ದಾರಿಯ ಉದ್ದದ ಪ್ರಕಾರ ವಿಂಗಡಿಸಿ. ಕೋನ ಬೆರೆತಿದ್ದರೆ ಚಿತ್ರವೂ ಬೇಗ ಕೂಡಿಬರುತ್ತದೆ.

ಬರೆಯುವಾಗ ಅಟಾಮಿಕ್ ಆ್ಯಡ್ (ಒಂದು ಥ್ರೆಡ್ ಕೂಡಿಸಿ ಮುಗಿಸುವ ತನಕ ಇನ್ನೊಂದು ಆ ಜಾಗ ಮುಟ್ಟದ ಕ್ರಮ) ಬಿಟ್ಟು ಬರೀ ಕೂಡಿಸುವುದು ದೊಡ್ಡ ತಪ್ಪು. ಪ್ರೋಗ್ರಾಮ್ ನಿಲ್ಲುವುದಿಲ್ಲ, ಎರರ್ ಬರುವುದಿಲ್ಲ. 20 ಸೆಂ.ಮೀ. ನೀರಿನ ಸಿಲಿಂಡರ್‌ನ ಚಿತ್ರದಲ್ಲಿ ಅಂಚು ಸರಿಯಾಗಿ 1ರ (ಪ್ರೋಟಾನ್ ತಡೆಯುವುದರಲ್ಲಿ ನೀರಿನ ಬೆಲೆ) ಹತ್ತಿರ ಇದ್ದು, ನಡುವಿನಲ್ಲಿ ಬೆಲೆ ತಗ್ಗಿ ಮಬ್ಬು ಕುಳಿಯಂತೆ ಕಾಣುತ್ತದೆ. ಭೌತಶಾಸ್ತ್ರದ ಪರಿಣಾಮವೇ ಅನ್ನಿಸುತ್ತದೆ. ಅಲ್ಲ, ದಾರಿಗಳು ದಟ್ಟವಾಗಿರುವಲ್ಲಿ ಒಂದರ ಬರಹವನ್ನು ಇನ್ನೊಂದು ಅಳಿಸುತ್ತಿದೆ. ಅಟಾಮಿಕ್ ಹಾಕಿದ ಮೇಲೂ ಕೂಡಿಸುವ ಕ್ರಮ ಬದಲಾಗಿ ಕೊನೆಯ ಅಂಕಿಗಳು ಪ್ರತಿ ಬಾರಿ ಬೇರೆ ಬರುತ್ತವೆ. ಚಿಕಿತ್ಸೆಗೆ ಸಂಬಂಧಿಸಿದ ಕೆಲಸದಲ್ಲಿ ಅದು ಒಪ್ಪತಕ್ಕದ್ದಲ್ಲ. 64 ಬಿಟ್ ಪೂರ್ಣಾಂಕವಾಗಿಸಿ ಕೂಡಿಸಿದರೆ ಉತ್ತರ ಪ್ರತಿ ಸಲ ಒಂದೇ.

ವೇಗ ಅಳೆಯುವಾಗ ಕಾರ್ಡನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಕೊಳ್ಳಿ. ನಮ್ಮ ಏಪ್ರಿಲ್ ಸೆಖೆಗೆ ಕ್ಲಾಕ್ (ಕಾರ್ಡಿನ ವೇಗ) ಇಳಿಯುತ್ತದೆ, ಬೆಳಿಗ್ಗೆಯ ಅಳತೆಗೂ ಮಧ್ಯಾಹ್ನದ್ದಕ್ಕೂ ತಾಳೆಯಾಗುವುದಿಲ್ಲ. ಮಳೆಗಾಲದ ಸಿಡಿಲಿಗೆ ಕರೆಂಟು ಹೋಗುವುದೂ ಇದ್ದದ್ದೇ. 240×240×100 ವಾಕ್ಸೆಲ್ ಚಿತ್ರ ಬರೀ 23 ಎಂಬಿ, ಪ್ರತಿ ಸುತ್ತು ಮುಗಿದೊಡನೆ ಡಿಸ್ಕ್‌ಗೆ ಬರೆದುಬಿಡಿ.