ಹೆಸರಿಲ್ಲದ ಆಟಗಾರನ ರೂಕಿ ಕಾರ್ಡಿಗೆ ಬೆಲೆ ಕಟ್ಟುವುದು ಹೇಗೆ?

ಅಮೆರಿಕದ ಗ್ಯಾರೇಜ್ ಸೇಲೊಂದರಲ್ಲಿ ಶೂ ಡಬ್ಬಿ ತುಂಬ ಹಳೆಯ ಬೇಸ್‌ಬಾಲ್ ಕಾರ್ಡುಗಳು, ಅಂದರೆ ಜನ ಸಂಗ್ರಹಿಸಿಡುವ ಆಟಗಾರರ ಚಿತ್ರದ ಕಾರ್ಡುಗಳು, ಸಿಕ್ಕವು ಎಂದಿಟ್ಟುಕೊಳ್ಳಿ. ಮುಕ್ಕಾಲು ಪಾಲು ಮುಖಗಳ ಗುರುತೇ ಇಲ್ಲ. ರದ್ದಿಗೆ ಹಾಕುವ ಮುಂಚೆ ಇಷ್ಟು ನೋಡಿ.

ಮೊದಲು ಕಾರ್ಡು ತಿರುಗಿಸಿ ನಂಬರ್, ವರ್ಷ ಹುಡುಕಿ. 2006ರಿಂದೀಚಿನ ರೂಕಿ ಕಾರ್ಡಾದರೆ, ಅಂದರೆ ದೊಡ್ಡ ಲೀಗಿಗೆ ಬಂದ ಹೊಸಬನದಾದರೆ, ಮುಂಬದಿಯಲ್ಲೇ 'ಆರ್‌ಸಿ' (ರೂಕಿ ಕಾರ್ಡ್) ಮುದ್ರೆ ಇರುತ್ತದೆ. 1980ರ ದಶಕದ ಕೊನೆ, 90ರ ಆರಂಭದ್ದಾದರೆ ಆಸೆ ಇಟ್ಟುಕೊಳ್ಳಬೇಡಿ. ಆಗ ಅಚ್ಚು ಹಾಕಿದ್ದಕ್ಕೆ ಲೆಕ್ಕವೇ ಇಲ್ಲ. ಸಂಗ್ರಹಕಾರರು ಆ ಕಾಲವನ್ನು 'ಜಂಕ್ ವ್ಯಾಕ್ಸ್' ಎಂದೇ ಕರೆಯುತ್ತಾರೆ.

ಆಮೇಲೆ ಪಕ್ಕದಲ್ಲಿ ಯಾರಿದ್ದಾರೆ ನೋಡಿ. ಸ್ವಾರಸ್ಯ ಇರುವುದೇ ಇಲ್ಲಿ. ಕಾರ್ಡು ಅಚ್ಚು ಹಾಕುವ ಟಾಪ್ಸ್ ಕಂಪನಿ ಒಂದೇ ಕಾರ್ಡಿನಲ್ಲಿ ಎರಡು, ಮೂರು, ಕೆಲವೊಮ್ಮೆ ನಾಲ್ಕು ಹೊಸಬರನ್ನು ಕೂರಿಸುತ್ತಿತ್ತು. 1982ರ 21ನೇ ನಂಬರಿನಲ್ಲಿ ಬಾಬ್ ಬಾನರ್, ಜೆಫ್ ಷ್ನೈಡರ್ ಎಂಬಿಬ್ಬರ ನಡುವೆ ಕ್ಯಾಲ್ ರಿಪ್ಕೆನ್ ಇದ್ದಾನೆ. ಷ್ನೈಡರ್ ದೊಡ್ಡ ಲೀಗಿನಲ್ಲಿ ಆಡಿದ್ದು 11 ಪಂದ್ಯ. ರಿಪ್ಕೆನ್ ಒಂದೂ ತಪ್ಪಿಸದೆ ಸಾಲಾಗಿ 2,632 ಆಡಿದ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು. ಇನ್ನೊಬ್ಬ ತಾರೆ ಪೀಟ್ ರೋಸ್‌ನ 1963ರ ಕಾರ್ಡಿನಲ್ಲೂ ಇಂಥ ಮೂರು ನಾರುಗಳಿವೆ. ಆದರೆ ಅವರಲ್ಲೊಬ್ಬ, ಅಲ್ ವೈಸ್, 1969ರ ವರ್ಲ್ಡ್ ಸೀರೀಸ್‌ನ (ದೊಡ್ಡ ಲೀಗಿನ ಅಂತಿಮ ಸರಣಿ) ಐದನೇ ಪಂದ್ಯದಲ್ಲಿ ಹೋಮ್ ರನ್ ಹೊಡೆದು ಸ್ಕೋರ್ ಸಮ ಮಾಡಿದವ. ಅವನನ್ನು ನಾರೆನ್ನಲು ನನಗೆ ಮನಸ್ಸಿಲ್ಲ.

ಪಕ್ಕದಲ್ಲಿ ತಾರೆ ಇಲ್ಲವೇ? ನಂಬರ್ ಕೈಹಿಡಿಯಬಹುದು. 1952ರ ಟಾಪ್ಸ್ ಸೆಟ್‌ನ, ಅಂದರೆ ಆ ವರ್ಷದ ನಂಬರುವಾರು ಇಡೀ ಸರಣಿಯ, 311ರಿಂದ 407ರವರೆಗಿನವು ಸೀಸನ್ನಿನ ಕೊನೆಗೆ ಬಂದು ಬಿಕರಿಯಾಗದೆ ಉಳಿದವು. ಗೋದಾಮು ಖಾಲಿ ಮಾಡಲು ಕಂಪನಿಯೇ ಪೆಟ್ಟಿಗೆಗಟ್ಟಲೆ ಅಟ್ಲಾಂಟಿಕ್‌ಗೆ ಸುರಿಸಿತು. ಹಾಗಾಗಿ ಆ ನಂಬರುಗಳಲ್ಲಿರುವ ಅನಾಮಧೇಯರಿಗೂ ಗಿರಾಕಿಗಳಿದ್ದಾರೆ.

ಈಗ ಭೂತಗನ್ನಡಿ ಹಿಡಿಯಿರಿ. ನಾಲ್ಕೂ ಮೂಲೆ ಚೂಪಾಗಿವೆಯೇ, ಚಿತ್ರದ ಸುತ್ತಲಿನ ಬಿಳಿ ಅಂಚು ಎರಡೂ ಕಡೆ ಸಮನಾಗಿದೆಯೇ? ಅದೇ 1952ರ ಸೆಟ್‌ನ 1ನೇ ನಂಬರು ಆಂಡಿ ಪಾಫ್ಕೊ. ರೂಕಿ ಕಾರ್ಡೇನಲ್ಲ, ಆದರೂ ಪಾಠಕ್ಕೆ ಬೇಕು. ಹುಡುಗರು ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದರು. ಬ್ಯಾಂಡು ಕಚ್ಚುತ್ತಿದ್ದದ್ದು ಮೇಲಿದ್ದ ಪಾಫ್ಕೊನನ್ನೇ. ಹಾಗಾಗಿ ಗಾಯವಿಲ್ಲದ ಪಾಫ್ಕೊ ಚಿನ್ನ.

ಗ್ರೇಡಿಂಗ್‌ಗೆ, ಅಂದರೆ ಕಾರ್ಡಿನ ಸ್ಥಿತಿ ಪರೀಕ್ಷಿಸಿ ದರ್ಜೆ ಕೊಡುವವರಿಗೆ, ಕಳಿಸಲು ಅವಸರಪಡಬೇಡಿ, ಎಷ್ಟೋ ಸಲ ಶುಲ್ಕವೇ ಕಾರ್ಡಿಗಿಂತ ದುಬಾರಿ. ಆನ್‌ಲೈನಿನಲ್ಲಿ ಮಾರುವವರು ಕೇಳುವ ಬೆಲೆ ಬಿಡಿ, ನಿಜವಾಗಿ ಮಾರಾಟವಾದ ಬೆಲೆಗಳನ್ನಷ್ಟೇ ನೋಡಿ. ಉಳಿದ ಅಪರಿಚಿತರನ್ನು ಕೊಳ್ಳುವವರು ಸೆಟ್ ಪೂರ್ತಿ ಮಾಡಲು ಹೊರಟವರು. ಅವರಿಗೆ ಬೇಕಿರುವುದು ಆಟಗಾರನಲ್ಲ, ಕೊರತೆಯಿರುವ ನಂಬರು. ಜಾಹೀರಾತಿನಲ್ಲಿ ಹೆಸರಿಗಿಂತ ಮೊದಲು ನಂಬರನ್ನೇ ಬರೆಯಿರಿ.